ಪೇಟೆ ಲೆಕ್ಕ 7: ನಿಕೋಟಿನ್ ಎಣಿಸೋದು ಹೇಗೆ?

(1/6)
ನಿಮ್ಮಲ್ಲಿ ಮೂರ್ನಾಲ್ಕು ಜನ ಕೇಳಿದ ಪ್ರಶ್ನೆ ಇದು. "ಸಿಗರೇಟಿಂದ ಎಷ್ಟು ನಿಕೋಟಿನ್ ಒಳಗೆ ಹೋಗುತ್ತೆ ಅಂತ ಗೊತ್ತೇ ಆಗಲ್ಲ. ಡಿಸ್‌ಪ್ಲೇ ಇರೋ ವೇಪ್ ತಗೊಂಡ್ರೆ ಅದೇ ಲೆಕ್ಕ ತೋರಿಸುತ್ತಲ್ವಾ? ಯಾವುದು ಒಳ್ಳೇದು?"

ಎರಡು ತಿಂಗಳ ಹಿಂದೆ ನಮ್ಮನೇಲೂ ಇದೇ ಪ್ರಶ್ನೆ ಬಂತು. ಕೇಳಿದ್ದು ದೊಡ್ಡಪ್ಪನ ಮಗ. ನಗರ್ತಪೇಟೆಯ ಒಂದು ಬಟ್ಟೆ ಅಂಗಡೀಲಿ ಅವನಿಗೆ ಕೆಲಸ. "ಏನೇ, ಎಲೆಕ್ಟ್ರಾನಿಕ್ಸ್ ಓದ್ತಿದೀಯ, ವಾರಕ್ಕೆರಡು ಸಲ ಎಸ್.ಪಿ. ರೋಡ್ ಸುತ್ತೀಯ. ಲೆಕ್ಕ ಇಡೋ ಅಂಥದ್ದು ಒಂದು ನೋಡಿ ಹೇಳೇ" ಅಂದ. ಅಣ್ಣ ಶೋಕಿಗೆ ಕೇಳಿರಲಿಲ್ಲ. ದೊಡ್ಡಪ್ಪ ಮೂವತ್ತು ವರ್ಷ ಬೀಡಿ ಸೇದಿದವರು. ಈಗ ಆಕ್ಸಿಜನ್ ಮೆಷಿನ್ ಹಾಕ್ಕೊಂಡು ಮಲಗ್ತಾರೆ. ಅದರ ಸದ್ದು ಪಕ್ಕದ ರೂಮಿನಲ್ಲಿರೋ ಅಣ್ಣನಿಗೆ ರಾತ್ರಿಯಿಡೀ ಕೇಳುತ್ತೆ. ಕಡಿಮೆ ಮಾಡ್ಬೇಕು, ಅದಕ್ಕೆ ಮೊದಲು ಎಷ್ಟು ಅಂತ ಗೊತ್ತಾಗ್ಬೇಕು, ಇದು ಅವನ ಯೋಚನೆ. ಯೋಚನೆ ಸರಿಯಾಗೇ ಇದೆ. ಆದ್ರೆ ಆ ಅಳತೆ ವೇಪ್ ಕೈಯಲ್ಲಿ ಆಗಲ್ಲ.

(2/6)
ಮೊದಲು ಕಾನೂನು. ಕರ್ನಾಟಕದಲ್ಲಿ ಇ-ಸಿಗರೇಟ್‌ಗೆ 2016ರಲ್ಲೇ ನಿಷೇಧ ಬಂತು. 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ, ಅದೇ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ ಕಾಯ್ದೆ. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಯಾವುದಕ್ಕಾದ್ರೂ ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಾಸ್ತಾನು ಇಟ್ಟರೆ 6 ತಿಂಗಳವರೆಗೆ ಜೈಲು, 50,000 ರೂಪಾಯಿವರೆಗೆ ದಂಡ.

"ಆದ್ರೂ ಸಿಗುತ್ತಲ್ಲ" ಅಂತೀರಿ. ಸಿಗುತ್ತೆ, ಕದ್ದುಮುಚ್ಚಿ. ಅಳತೆಯ ದೃಷ್ಟಿಯಿಂದಲೇ ಯೋಚಿಸಿ. ಲೆಕ್ಕ ಹಾಕೋಕೆ ಮೊದಲು ಬೇಕಾದ್ದು ಒಳಗಿರೋ ದ್ರವದಲ್ಲಿ ಎಷ್ಟು ನಿಕೋಟಿನ್ ಇದೆ ಅನ್ನೋದು. 5% ಅಂತ ಬರೆದಿದ್ರೆ ಒಂದು ಮಿಲೀ ದ್ರವದಲ್ಲಿ ಸುಮಾರು 50 ಮಿಲಿಗ್ರಾಂ ಅಂತ ಅರ್ಥ. 2 ಮಿಲೀ ಪಾಡ್ ಆದ್ರೆ 100 ಮಿಲಿಗ್ರಾಂ. ಆದ್ರೆ ಕಳ್ಳಮಾಲಿನ ಡಬ್ಬದ ಮೇಲಿನ ಅಂಕಿಗೆ ಇಲ್ಲಿ ಯಾರೂ ಹೊಣೆ ಇಲ್ಲ. ತಕ್ಕಡಿಯ ಕಲ್ಲೇ ಸುಳ್ಳಾದ್ರೆ ತೂಕ ಎಲ್ಲಿಂದ ನಿಜ ಆಗ್ಬೇಕು?

(3/6)
ಸರಿ, ಅಂಕಿ ನಿಜ ಅಂತಲೇ ಇಟ್ಕೊಳ್ಳಿ. ಈಗ ಮೆಷಿನ್ ಏನು ಎಣಿಸುತ್ತೆ ನೋಡೋಣ. ನೀವು ಎಳೆದಾಗ ಒಳಗಿನ ಸೆನ್ಸರ್‌ಗೆ ಗಾಳಿ ಹರಿದದ್ದು ಗೊತ್ತಾಗುತ್ತೆ, ಬ್ಯಾಟರಿ ಕಾಯಿಲ್‌ನ ಬಿಸಿ ಮಾಡುತ್ತೆ, ಚಿಪ್ "ಒಂದು" ಅಂತ ಬರ್ಕೊಳ್ಳುತ್ತೆ. ಸ್ವಲ್ಪ ದುಬಾರಿದಾದ್ರೆ ಎಷ್ಟು ಸೆಕೆಂಡ್, ಎಷ್ಟು ವ್ಯಾಟ್ ಅಂತಾನೂ ತೋರಿಸುತ್ತೆ. ಅಷ್ಟೇ. ಅದು ಲೆಕ್ಕ ಇಟ್ಟಿದ್ದು ಕರೆಂಟಿನದು. ನಿಮ್ಮ ರಕ್ತಕ್ಕೆ ಎಷ್ಟು ಸೇರಿತು ಅನ್ನೋದು ಅದಕ್ಕೆ ಗೊತ್ತಿಲ್ಲ.

ಸಾರು ಎಷ್ಟು ಸೌಟು ಬಡಿಸಿದ್ರಿ ಅಂತ ಎಣಿಸಿ, ಸೌಟಿನ ಗಾತ್ರ ನೋಡದೇ ಇದ್ದ ಹಾಗೆ. ಒಬ್ಬೊಬ್ಬರ ದಂ ಒಂದೊಂದು ಥರ. ಲ್ಯಾಬಲ್ಲಿ ಇ-ಸಿಗರೇಟ್ ಪರೀಕ್ಷೆ ಮಾಡುವಾಗ ಯಂತ್ರದಿಂದ 55 ಮಿಲೀ ಗಾಳಿಯನ್ನ 3 ಸೆಕೆಂಡ್ ಎಳೀತಾರೆ, 30 ಸೆಕೆಂಡಿಗೊಂದು ಸಲ. ಮನುಷ್ಯರು ಹಾಗೆ ಎಳೆಯಲ್ಲ. ನಿಕೋಟಿನ್ ಕಡಿಮೆ ಸಿಕ್ಕಿದ್ರೆ ಗೊತ್ತಿಲ್ಲದೇ ಜೋರಾಗಿ, ಆಳವಾಗಿ ಎಳೀತಾರೆ. 'ಲೈಟ್' ಸಿಗರೇಟು ಸೇದಿದವರ ವಿಷಯದಲ್ಲಿ ಆಗಿದ್ದೂ ಇದೇ. ಯಂತ್ರದ ಅಂಕಿ ಇಳೀತು, ಸೇದೋರ ದೇಹಕ್ಕೆ ಹೋಗೋದು ಅಷ್ಟೇನೂ ಇಳೀಲಿಲ್ಲ.

ಇನ್ನೊಂದು ವಿಷಯ. ಸಿಗರೇಟು ಮುಗಿಯುತ್ತೆ, ತುಂಡು ಬಿಸಾಕಿ ಒಳಗೆ ಬರ್ತೀರಿ. ವೇಪ್‌ಗೆ ಆ ಕೊನೆ ಇಲ್ಲ. ಹಾಸಿಗೆ ಮೇಲೂ ಕೈಯಲ್ಲೇ ಇರುತ್ತೆ.

(4/6)
ಹಾಗಾದ್ರೆ ಏನು ತಗೋಬೇಕು? ಅವೆನ್ಯೂ ರೋಡಲ್ಲಿ ಒಂದು ಚಿಕ್ಕ ನೋಟ್‌ಬುಕ್. ಅಣ್ಣನಿಗೆ ನಾನು ಕೊಡಿಸಿದ್ದು ಅದೇ. "ಇದಕ್ಕೆ ಚಾರ್ಜರ್ ಎಲ್ಲೇ?" ಅಂತ ನಕ್ಕ.

ನಾಲ್ಕು ಕಾಲಂ ಹಾಕಿದ್ವಿ: ಹೊತ್ತು, ಜಾಗ, ಕಾರಣ, ಹಿಂದಿನದಾಗಿ ಎಷ್ಟು ನಿಮಿಷ. ಒಂದೇ ನಿಯಮ: ಬರೆದ ಮೇಲೇ ಹಚ್ಚಬೇಕು. ಸೇದಬೇಡ ಅಂತ ಯಾರೂ ಹೇಳಲ್ಲ, ಎರಡು ವಾರ ಸುಮ್ನೆ ಬರಿ ಅಷ್ಟೇ.

ಎರಡು ವಾರದ ಮೇಲೆ ನೋಡಿದ್ರೆ ದಿನಕ್ಕೆ ಸರಾಸರಿ 12. ಅದರಲ್ಲಿ ನಾಲ್ಕು, ಮಾಲು ಇಳಿಸಿದ ಮೇಲೆ ಟೀ ಜೊತೆ. ಮೂರು, ಫೋನಲ್ಲಿ ಪಾರ್ಟಿ ಜೊತೆ ಮಾತಾಡ್ತಾ. 'ಕಾರಣ' ಕಾಲಂನಲ್ಲಿ "ಸುಮ್ನೆ" ಅಂತ ಬರೆದದ್ದು ದಿನಕ್ಕೆ ಎರಡಾದ್ರೂ ಇತ್ತು. ಈ ವಿಷಯ ಯಾವ ಡಿಸ್‌ಪ್ಲೇನೂ ಹೇಳ್ತಿರಲಿಲ್ಲ.

(5/6)
ಎಲ್ಲಕ್ಕಿಂತ ಮುಖ್ಯವಾದ ಸಂಖ್ಯೆ ಮೊದಲ ಸಾಲಿನಲ್ಲಿತ್ತು. ಎದ್ದು ಎಷ್ಟು ನಿಮಿಷಕ್ಕೆ ಮೊದಲ ಸಿಗರೇಟು?

ಡಾಕ್ಟರುಗಳು ಫಾಗರ್‌ಸ್ಟ್ರಾಮ್ ಪರೀಕ್ಷೆ ಅಂತ ಒಂದನ್ನ ಬಳಸ್ತಾರೆ. ಅದರ ಎರಡು ಪ್ರಶ್ನೆಗಳಿಂದಲೇ ಅಂದಾಜು ಸಿಗುತ್ತೆ. ಎದ್ದ 5 ನಿಮಿಷದೊಳಗೆ ಸೇದಿದ್ರೆ 3 ಅಂಕ, 6ರಿಂದ 30 ನಿಮಿಷ ಅಂದ್ರೆ 2, 31ರಿಂದ 60 ಅಂದ್ರೆ 1, ಆಮೇಲಾದ್ರೆ 0. ದಿನಕ್ಕೆ 10ರವರೆಗೆ ಸೇದಿದ್ರೆ 0, 11ರಿಂದ 20ಕ್ಕೆ 1, 21ರಿಂದ 30ಕ್ಕೆ 2, ಅದಕ್ಕೂ ಹೆಚ್ಚಾದ್ರೆ 3. ಎರಡನ್ನೂ ಕೂಡಿಸಿ. ಒಟ್ಟು 6ಕ್ಕೆ ಎಷ್ಟು ಜಾಸ್ತಿಯೋ ಅಷ್ಟು ಅಂಟಿಕೊಂಡಿದೆ ಅಂತ.

ಬೆಳಗ್ಗೆ ಯಾಕೆ ಮುಖ್ಯ? ರಕ್ತದಲ್ಲಿರೋ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧ ಆಗುತ್ತೆ. ರಾತ್ರಿಯಿಡೀ ಇಳಿದು ಇಳಿದು, ಬೆಳಗ್ಗೆ ದೇಹ ಕೇಳೋಕೆ ಶುರು ಮಾಡುತ್ತೆ. ಅಣ್ಣ ಎದ್ದ 10 ನಿಮಿಷಕ್ಕೇ ಹಚ್ತಿದ್ದ: 2 ಅಂಕ. ದಿನಕ್ಕೆ 12: 1 ಅಂಕ. ಒಟ್ಟು 3. "ಹನ್ನೆರಡೇ ತಾನೆ" ಅಂತಿದ್ದವನು ಆ 2 ನೋಡಿ ಸುಮ್ಮನಾದ.

(6/6)
ಈಗ ಅಣ್ಣನ ಸ್ಥಿತಿ: ದಿನಕ್ಕೆ ಐದು. ಮೊದಲನೇದು ತಿಂಡಿ ಆದ ಮೇಲೆ. ಟೀ ಅಂಗಡಿ ಒಳಗೇ ತರಿಸ್ಕೊಳ್ತಾನೆ, ಮೂಲೆಗೆ ಹೋಗಲ್ಲ. ಪೂರ್ತಿ ಬಿಟ್ಟಿಲ್ಲ, ಬಿಟ್ಟಾಗ ಬರೀತೀನಿ.

ಅವನು 1800-11-2356ಕ್ಕೂ ಫೋನ್ ಮಾಡಿದ. ತಂಬಾಕು ಬಿಡೋರಿಗೆ ಸರ್ಕಾರದ ಉಚಿತ ಸಹಾಯವಾಣಿ ಅದು. ನಮ್ಮ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಸಿಗರೇಟು ಪ್ಯಾಕಿನ ಮೇಲೆ, ಆ ಭಯಾನಕ ಚಿತ್ರದ ಜೊತೆಗೇ ಈ ನಂಬರ್ ಇದೆ. ನೋಟ್‌ಬುಕ್ ಮುಂದೆ ಇಟ್ಕೊಂಡು ಮಾತಾಡಿದ್ರೆ ಅವರಿಗೂ ಸುಲಭ. ಡೋಸ್ ನಿಜವಾಗ್ಲೂ ಗೊತ್ತಿರೋ ನಿಕೋಟಿನ್ ಬೇಕಾದ್ರೆ 2 ಅಥವಾ 4 ಮಿಲಿಗ್ರಾಂ ಅಂತ ಬರೆದ ಗಮ್ ಮೆಡಿಕಲ್ ಶಾಪಲ್ಲಿ ಇದೆ. ಯಾವುದು, ಎಷ್ಟು ದಿನ ಅಂತ ಡಾಕ್ಟರನ್ನ ಕೇಳಿ. ಅದು ಬಿಡೋರಿಗೆ ಮಾತ್ರ, ರುಚಿ ನೋಡೋರಿಗಲ್ಲ.

ಇನ್ನೂ ಮುಟ್ಟಿಲ್ಲದವರಿಗೆ: ನಿಮ್ಮ ಲೆಕ್ಕ ಸೊನ್ನೆ, ಅದನ್ನ ಅಳೆಯೋಕೆ ಯಾವ ಮೆಷಿನ್ನೂ ಬೇಡ. ಅಂದ ಹಾಗೆ, 2025ರಿಂದ ಕರ್ನಾಟಕದಲ್ಲಿ 21 ತುಂಬದವರಿಗೆ ಸಿಗರೇಟು ಮಾರೋ ಹಾಗೂ ಇಲ್ಲ.

ಸೇದುತ್ತಿರೋರಿಗೆ: ನಾಳೆ ಬೆಳಗ್ಗೆ ಎದ್ದ ಹೊತ್ತು, ಹಚ್ಚಿದ ಹೊತ್ತು, ಎರಡನ್ನೇ ಬರೀರಿ. ನಂಗೆ ಕಳಿಸಬೇಕಿಲ್ಲ. ನೀವೇ ನೋಡ್ಕೊಳ್ಳಿ.

#ಪೇಟೆಲೆಕ್ಕ #ನಗರ್ತಪೇಟೆ #ಬೆಂಗಳೂರು