ಗಂಡಸರು ಹೇಳಿಕೊಳ್ಳದ ಮಾತು



ಗಂಡಸಿನ ಲೈಂಗಿಕಾಸಕ್ತಿ ಕುಂದುವ ವಿಷಯವನ್ನು ಧರ್ಮಪ್ರಾಂತದ ಮಾಸಪತ್ರಿಕೆಯಲ್ಲಿ, ಅದೂ ಬ್ರಹ್ಮಚರ್ಯದ ವ್ರತ ಕೈಗೊಂಡ ಗುರುವೊಬ್ಬನು ಬರೆಯುವುದೇ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ದಾಂಪತ್ಯದ ಕಷ್ಟಗಳು ಮನೆಯ ಹೊಸ್ತಿಲು ದಾಟಿದಾಗ ಮೊದಲು ಬರುವುದು ಹೆಚ್ಚಾಗಿ ಗುರುನಿವಾಸದ ಬಾಗಿಲಿಗೇ. ಪಾಪನಿವೇದನೆಯಲ್ಲಿ ಕೇಳಿದ್ದು ಅಲ್ಲಿಯೇ ಉಳಿಯುತ್ತದೆ. ಅದರ ಒಂದಕ್ಷರವೂ ಇಲ್ಲಿಲ್ಲ. ಕುರ್ಚಿ ಎಳೆದು ಕುಳಿತು, 'ಫಾದರ್, ಒಂದು ಮಾತು ಹೇಳಬೇಕಿತ್ತು' ಎಂದವರಿಂದ ಕಲಿತದ್ದನ್ನು, ವೈದ್ಯಮಿತ್ರರಿಂದ ಕೇಳಿ ತಿಳಿದದ್ದನ್ನು ಮಾತ್ರ ಬರೆಯುತ್ತಿದ್ದೇನೆ.

ನಮ್ಮ ಗಂಡಸರು ಸಕ್ಕರೆ ಕಾಯಿಲೆಯ ಬಗ್ಗೆ ಮಾತನಾಡುತ್ತಾರೆ, ಸೊಂಟನೋವು, ಸಾಲ, ಕೊನೆಗೆ ಕುಡಿತದ ಬಗ್ಗೆಯೂ ಹೇಳಿಕೊಳ್ಳುತ್ತಾರೆ. ಇದೊಂದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಬರುವವಳು ಹೆಂಡತಿ. ಆಕೆಯೂ ನೇರವಾಗಿ ಹೇಳುವುದಿಲ್ಲ. 'ಮಾತೇ ಆಡುವುದಿಲ್ಲ', 'ರಾತ್ರಿ ತಡವಾಗಿ ಬರುತ್ತಾರೆ' ಎಂದು ಸುತ್ತಿ ಬಳಸಿ, ಏಳುವ ಹೊತ್ತಿಗೆ, 'ನನ್ನ ಮೇಲೆ ಅವರಿಗೆ ಮನಸ್ಸೇ ಇಲ್ಲ ಫಾದರ್' ಎನ್ನುತ್ತಾಳೆ. ಅಷ್ಟರೊಳಗೆ ಮನೆಯಲ್ಲಿ ಕಾರಣಗಳು ತೀರ್ಮಾನವಾಗಿರುತ್ತವೆ: ಬೇರೊಬ್ಬಳಿದ್ದಾಳೆ, ಅಥವಾ ತನ್ನ ರೂಪ ಮಾಸಿತು, ಅಥವಾ ಯಾರೋ ಮಾಟ ಮಾಡಿಸಿದ್ದಾರೆ. ಇದೊಂದು ಕಾಯಿಲೆಯ ಲಕ್ಷಣವಿರಬಹುದೆಂಬ ಯೋಚನೆ ಎಲ್ಲರಿಗಿಂತ ಕೊನೆಗೆ ಬರುತ್ತದೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಬಯಕೆ ಕುಂದುವುದು ಬೇರೆ, ಬಯಕೆಯಿದ್ದೂ ದೇಹ ಸ್ಪಂದಿಸದಿರುವುದು ಬೇರೆ, ಮಕ್ಕಳಾಗದಿರುವುದು ಬೇರೆ. ನಮ್ಮ ಬಸ್ ನಿಲ್ದಾಣಗಳ ಗೋಡೆಗಳ ಮೇಲೆ ಈ ಮೂರನ್ನೂ 'ನರದೌರ್ಬಲ್ಯ' ಎಂಬ ಒಂದೇ ಪದದಲ್ಲಿ ತುಂಬಿಬಿಡುತ್ತಾರೆ. 1998ರಲ್ಲಿ ಬಳಕೆಗೆ ಬಂದ ಸಿಲ್ಡೆನಾಫಿಲ್ ಮಾತ್ರೆ ರಕ್ತಸಂಚಾರಕ್ಕೆ ನೆರವಾಗುತ್ತದೆಯೇ ಹೊರತು ಬಯಕೆಯನ್ನು ಹುಟ್ಟಿಸುವುದಿಲ್ಲ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನುಂಗಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಔಷಧಿ ಅಂಗಡಿಯಲ್ಲಿ ಪಿಸುಮಾತಿನಲ್ಲಿ ಕೇಳಿ ಕೊಳ್ಳುವ ವಸ್ತು ಅದಲ್ಲ.

'ಹಾಗಾದರೆ ಈ ಮದುವೆ ಮದುವೆಯೇ ಅಲ್ಲವಲ್ಲ?' ಎಂದು ಕೆಲವು ಹಿರಿಯರು ನನ್ನೆದುರು ವಾದಿಸುವುದುಂಟು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1084ನೇ ನಿಯಮ ವಿವಾಹವನ್ನು ಅಸಿಂಧುಗೊಳಿಸುವುದು ಮದುವೆಗೆ ಮೊದಲೇ ಇದ್ದ, ಶಾಶ್ವತವಾದ ನಪುಂಸಕತ್ವವನ್ನು ಕುರಿತು ಮಾತ್ರ. ಬಂಜೆತನ ಅದರೊಳಗೆ ಬರುವುದಿಲ್ಲವೆಂದು ಅದೇ ನಿಯಮ ಹೇಳುತ್ತದೆ. ನಡುವಯಸ್ಸಿನಲ್ಲಿ ಬಯಕೆ ಕುಂದಿದವನಿಗೂ ಆ ನಿಯಮಕ್ಕೂ ಸಂಬಂಧವಿಲ್ಲ.

ನಾನು ಬಲ್ಲ ಒಂದು ಕುಟುಂಬದ ಮಾತು ಹೇಳುತ್ತೇನೆ. ಇಬ್ಬರ ಒಪ್ಪಿಗೆಯನ್ನೂ ಪಡೆದು, ಗುರುತು ಸಿಗದಂತೆ ಬರೆದಿದ್ದೇನೆ. ಗಂಡನಿಗೆ ನಲವತ್ತು ದಾಟಿತ್ತು. ಎರಡು ವರ್ಷಗಳಿಂದ ಹಾಸಿಗೆ ಬೇರೆಯಾಗಿತ್ತು. ಆಕೆ ಗುಟ್ಟಾಗಿ ಆತನ ಮೊಬೈಲ್ ಶೋಧಿಸಿದ್ದರು. ಏನೂ ಸಿಕ್ಕಿರಲಿಲ್ಲ, ಸಿಗದಿದ್ದದ್ದೇ ಅನುಮಾನವನ್ನು ಗಟ್ಟಿ ಮಾಡಿತ್ತು. ತವರಿಗೆ ಹೊರಡುವ ಮುನ್ನ ನನ್ನಲ್ಲಿಗೆ ಬಂದಿದ್ದರು. ದೂರುಗಳ ನಡುವೆ ಇನ್ನೆರಡು ಮಾತು ಬಂದವು: ಸದಾ ತಲೆನೋವೆಂದು ಮಲಗುತ್ತಾರೆ, ಬೈಕನ್ನು ಎರಡು ಸಲ ಗೇಟಿನ ಕಂಬಕ್ಕೆ ತಾಗಿಸಿದ್ದಾರೆ, ಕುಡಿಯುತ್ತಿರಬೇಕು. ಆತ ಕುಡಿಯುವವರಲ್ಲವೆಂದು ನನಗೆ ಗೊತ್ತಿತ್ತು. ಹೊರಡುವುದನ್ನು ಒಂದು ವಾರ ಮುಂದೂಡಿ, ಈ ಮೂರು ಮಾತುಗಳನ್ನೂ ಒಟ್ಟಿಗೇ ವೈದ್ಯರಿಗೆ ಹೇಳಿರಿ ಎಂದೆ.

ರಕ್ತಪರೀಕ್ಷೆಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಇರಬೇಕಾದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆಯೊಂದು ಬೆಳೆದು ಕಣ್ಣಿನ ನರಗಳನ್ನು ಒತ್ತುತ್ತಿತ್ತು. ಪಕ್ಕದ ನೋಟ ಮಸುಕಾಗಿದ್ದರಿಂದಲೇ ಕಂಬ ಕಾಣುತ್ತಿರಲಿಲ್ಲ. ಇದು ಕ್ಯಾನ್ಸರ್ ಅಲ್ಲ, ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುವುದಿಲ್ಲ. ಕ್ಯಾಬರ್ಗೋಲಿನ್ ಎಂಬ ಮಾತ್ರೆಯನ್ನು ವಾರಕ್ಕೆ ಎರಡು ಸಲ ತೆಗೆದುಕೊಂಡರೆ ಗೆಡ್ಡೆ ಸಾಮಾನ್ಯವಾಗಿ ಕುಗ್ಗುತ್ತದೆ. ಹೆಂಗಸರಲ್ಲಿ ಈ ತೊಂದರೆಯಾದರೆ ಮುಟ್ಟು ನಿಲ್ಲುವುದರಿಂದ ಬೇಗ ಪತ್ತೆಯಾಗುತ್ತದೆ. ಗಂಡಸರಲ್ಲಿ ಮೊದಲ ಸೂಚನೆಯೇ ಬಯಕೆಯ ಕೊರತೆ. ಅದನ್ನು ಯಾರೂ ಹೇಳದ ಕಾರಣ ಗೆಡ್ಡೆ ದೊಡ್ಡದಾಗಿ ಕಣ್ಣಿಗೆ ಕುತ್ತು ಬರುವವರೆಗೂ ತಿಳಿಯುವುದಿಲ್ಲ. 'ಹೇಳಿದ್ದರೆ ನಗುತ್ತಿದ್ದರು ಫಾದರ್' ಎಂದರು ಆತ. ಈಗ ನೋಟ ಬಹುಮಟ್ಟಿಗೆ ಮರಳಿದೆ. ಉಳಿದದ್ದು ನಿಧಾನವಾಗಿ ಮರಳುತ್ತಿದೆ ಎಂದು ಆಕೆ ನೆಲ ನೋಡುತ್ತಾ ಹೇಳಿದರು.

ಎಲ್ಲರಿಗೂ ಇಂತಹ ಗೆಡ್ಡೆ ಇರುವುದಿಲ್ಲ, ಗಾಬರಿ ಬೇಡ. ಥೈರಾಯ್ಡ್ ಮಂದವಾಗುವುದು, ಹತೋಟಿಯಲ್ಲಿಲ್ಲದ ಮಧುಮೇಹ, ಬೊಜ್ಜು, ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವ ನಿದ್ರೆ, ಮೂತ್ರಪಿಂಡದ ಕಾಯಿಲೆ, ಮಿತಿಮೀರಿದ ಮದ್ಯ, ಇವೆಲ್ಲ ಬಯಕೆಯನ್ನು ಕಸಿಯುತ್ತವೆ. ನಿದ್ರೆಯನ್ನು ನಾವು ತೀರ ಹಗುರವಾಗಿ ಕಾಣುತ್ತೇವೆ. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಆರೋಗ್ಯವಂತ ಯುವಕರು ಒಂದು ವಾರ ರಾತ್ರಿಗೆ ಐದೇ ಗಂಟೆ ಮಲಗಿದಾಗ ಅವರ ಹಗಲಿನ ಟೆಸ್ಟೋಸ್ಟೆರಾನ್ ಪ್ರಮಾಣ ಶೇಕಡ 10ರಿಂದ 15ರಷ್ಟು ತಗ್ಗಿತ್ತು. ಬೆಂಗಳೂರಿನಲ್ಲಿ ರಾತ್ರಿಪಾಳಿ ಮಾಡಿ ಬೆಳಗಿನ ಬಸ್ಸಿನಲ್ಲಿ ತೂಕಡಿಸುವ ನಮ್ಮ ಹುಡುಗರನ್ನು ನೆನೆದುಕೊಳ್ಳಿ.

ಟೆಸ್ಟೋಸ್ಟೆರಾನ್ ಎಂಬ ಹೆಸರನ್ನು ಈಗ ಎಲ್ಲರೂ ಬಲ್ಲರು. ಅದನ್ನು ಅಳೆಯುವ ಕ್ರಮವನ್ನು ಬಲ್ಲವರು ಕಡಿಮೆ. ಬೆಳಗಿನ ಹೊತ್ತು ಅದು ಹೆಚ್ಚಿರುವುದರಿಂದ ಸಂಜೆ ಕೊಟ್ಟ ರಕ್ತದ ಅಂಕಿ ದಾರಿ ತಪ್ಪಿಸುತ್ತದೆ. ಎರಡು ಬೇರೆ ಬೇರೆ ಬೆಳಗುಗಳಲ್ಲಿ ಪರೀಕ್ಷಿಸಿ, ಎರಡರಲ್ಲೂ ಡೆಸಿಲೀಟರಿಗೆ ಸುಮಾರು 300 ನ್ಯಾನೋಗ್ರಾಂಗಿಂತ ಕಡಿಮೆಯಿದ್ದು, ಲಕ್ಷಣಗಳೂ ಇದ್ದರೆ ಮಾತ್ರ ಚಿಕಿತ್ಸೆಯ ಮಾತು. ಅಮೆರಿಕದಲ್ಲಿ 65 ದಾಟಿದ, ಈ ಹಾರ್ಮೋನು ಕಡಿಮೆಯಿದ್ದ 790 ಪುರುಷರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಆಸಕ್ತಿ ಸಾಧಾರಣ ಮಟ್ಟಿಗೆ ಸುಧಾರಿಸಿತು, ಪವಾಡವೇನೂ ನಡೆಯಲಿಲ್ಲ. 2023ರಲ್ಲಿ ಬಂದ, ಐದು ಸಾವಿರಕ್ಕೂ ಹೆಚ್ಚು ಮಂದಿಯ ಅಧ್ಯಯನ ಹೃದಯಾಘಾತದ ಭಯವನ್ನು ಬಹುಪಾಲು ಕಡಿಮೆ ಮಾಡಿತಾದರೂ ಹೃದಯಬಡಿತದ ಏರುಪೇರು ಮತ್ತು ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಿದ್ದನ್ನು ತೋರಿಸಿತು. ಮಗುವಿಗಾಗಿ ಕಾಯುತ್ತಿರುವವರು ಇದನ್ನು ಗಮನಿಸಬೇಕು: ಹೊರಗಿನಿಂದ ಕೊಟ್ಟ ಟೆಸ್ಟೋಸ್ಟೆರಾನ್ ವೀರ್ಯಾಣುಗಳ ಉತ್ಪತ್ತಿಯನ್ನು ತಗ್ಗಿಸುತ್ತದೆ. ಜಿಮ್‌ನಲ್ಲಿ ಸ್ನೇಹಿತ ಕೊಟ್ಟ ಚುಚ್ಚುಮದ್ದೂ ಅದೇ ಕೆಲಸ ಮಾಡುತ್ತದೆ.

ಮನಸ್ಸಿನ ಖಿನ್ನತೆ ಬಯಕೆಯನ್ನು ಆರಿಸುತ್ತದೆ. ವಿಚಿತ್ರವೆಂದರೆ ಅದನ್ನು ಗುಣಪಡಿಸುವ ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್‌ನಂತಹ ಮಾತ್ರೆಗಳೂ ಹಲವರಲ್ಲಿ ಅದನ್ನೇ ಮಾಡುತ್ತವೆ. ಆಗ ನಮ್ಮವರು ವೈದ್ಯರಿಗೆ ತಿಳಿಸದೆ ಮಾತ್ರೆ ನಿಲ್ಲಿಸುತ್ತಾರೆ, ಖಿನ್ನತೆ ಮರುಕಳಿಸುತ್ತದೆ. ಇದರ ಅಪಾಯ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ವೈದ್ಯರಿಗೆ ಹೇಳಿದರೆ ಪ್ರಮಾಣ ಬದಲಿಸಬಹುದು, ಬೇರೆ ಔಷಧಿ ಕೊಡಬಹುದು. ಮುಖ ನೋಡಿ ಮಾತನಾಡಲು ಸಂಕೋಚವಿದ್ದವರು 14416ಕ್ಕೆ ಕರೆ ಮಾಡಬಹುದು. ಅದು 2022ರಲ್ಲಿ ಆರಂಭವಾದ, ಟೆಲಿ ಮಾನಸ್ ಎಂಬ ಸರಕಾರದ ಉಚಿತ ಸೇವೆ, ಕನ್ನಡದಲ್ಲಿಯೂ ಮಾತನಾಡುತ್ತಾರೆ.

ಲಾಡ್ಜಿನ ಕೋಣೆಯಲ್ಲಿ ತಿಂಗಳಿಗೊಮ್ಮೆ ಕಾಣಿಸಿಕೊಳ್ಳುವ 'ಗುಪ್ತರೋಗ ತಜ್ಞ'ರ ವಿಷಯಕ್ಕೆ ಬಂದರೆ ನನ್ನ ತಾಳ್ಮೆ ಮುಗಿಯುತ್ತದೆ. ಧಾತು ಹೋದರೆ ಶಕ್ತಿ ಹೋಯಿತೆಂಬ ಭಯ ನಮ್ಮ ನಾಡಿನಲ್ಲಿ ಎಷ್ಟು ಆಳವಾಗಿದೆಯೆಂದರೆ, ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿ ಅದಕ್ಕೆ 'ಧಾತ್ ಸಿಂಡ್ರೋಮ್' ಎಂದೇ ಹೆಸರಿಟ್ಟರು. ಆ ಭಯವೇ ಇವರ ಬಂಡವಾಳ. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧಿಗಳ ಜಾಹೀರಾತನ್ನು 1954ರ ಕಾಯಿದೆಯೇ ನಿಷೇಧಿಸಿದೆ, ಆದರೂ ಗೋಡೆಗಳು ಖಾಲಿಯಾಗಿಲ್ಲ. ಬರೀ ಗಿಡಮೂಲಿಕೆಯೆಂದು ಮಾರುವ ಪುಡಿಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಪತ್ತೆಯಾಗಿದೆ.

ಕೆಲವೊಮ್ಮೆ ಪರೀಕ್ಷೆಗಳೆಲ್ಲ ಸರಿಯಿರುತ್ತವೆ, ಸರಿಯಿಲ್ಲದಿರುವುದು ಮನೆ. ತಿಂಗಳುಗಟ್ಟಲೆ ಮಾತು ಬಿಟ್ಟವರಿಗೆ, ಸಾಲದ ಕಂತಿನ ಲೆಕ್ಕ ಹಾಕುತ್ತಾ ಮಲಗುವವರಿಗೆ, ಒಂದೇ ಕೋಣೆಯಲ್ಲಿ ತಂದೆತಾಯಿ ಮಕ್ಕಳೊಡನೆ ಬಾಳುವವರಿಗೆ ಯಾವ ಮಾತ್ರೆ ಕೊಡುವುದು? ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ಇಬ್ಬರು 1970ರಲ್ಲಿ ಒಂದು ಉಪಾಯವನ್ನು ಪ್ರಚುರಪಡಿಸಿದರು: ಕೆಲವು ವಾರ ಸಂಭೋಗದ ಪ್ರಯತ್ನವೇ ಬೇಡ, ಕೇವಲ ಸ್ಪರ್ಶ, ಪರೀಕ್ಷೆಯ ಭಯವಿಲ್ಲದ ಸಾಮೀಪ್ಯ. ಆಪ್ತಸಲಹೆಗಾರರು ಇಂದಿಗೂ ಇದನ್ನು ಬಳಸುತ್ತಾರೆ. ಇಂತಹ ಸಂದರ್ಭದಲ್ಲಿ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯವನ್ನು ಕೋಲಿನಂತೆ ಎತ್ತಿ ತೋರಿಸುವವರಿದ್ದಾರೆ. ಪೌಲರು ಅಲ್ಲಿ ಗಂಡನಿಗೆ ಹೇಳಿದ್ದನ್ನೇ ಹೆಂಡತಿಗೂ, ಹೆಂಡತಿಗೆ ಹೇಳಿದ್ದನ್ನೇ ಗಂಡನಿಗೂ ಹೇಳಿದ್ದಾರೆ, ಪರಸ್ಪರ ಒಪ್ಪಿಗೆಯನ್ನು ಮುಂದಿಟ್ಟಿದ್ದಾರೆ. ಅರ್ಧ ವಾಕ್ಯವನ್ನು ಮಾತ್ರ ಓದಬಾರದು.

ಇನ್ನು, ಬಯಕೆ ಕಡಿಮೆಯಾದುದೆಲ್ಲ ರೋಗವಲ್ಲ. ಕನಿಷ್ಠ ಆರು ತಿಂಗಳು ಮುಂದುವರಿದು ಆ ವ್ಯಕ್ತಿಗೆ ಸಂಕಟ ತಂದರೆ ಮಾತ್ರ ಮನೋವೈದ್ಯರು ಅದನ್ನು ಕಾಯಿಲೆಯೆನ್ನುತ್ತಾರೆ. ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರಿಗೆ ಪ್ರಾಸ್ಟೇಟ್ ಕ್ಯಾನ್ಸರಿಗಾಗಿ ಹಾರ್ಮೋನನ್ನೇ ತಡೆಯುವ ಚುಚ್ಚುಮದ್ದು ಕೊಡುತ್ತಿದ್ದಾರೆ. ಆ ಚಿಕಿತ್ಸೆಯಲ್ಲಿ ಬಯಕೆ ಹೋಗುವುದು ಸಹಜವೆಂದು ವೈದ್ಯರು ಇಬ್ಬರನ್ನೂ ಕೂರಿಸಿ ಮೊದಲೇ ಹೇಳಿದ್ದರಂತೆ, ಅದರಿಂದ ಬೇಸರವೇ ಎಂದು ಕೇಳಿದರಂತೆ. 'ಅದಕ್ಕೆ ಇವರೇನು ಹೇಳಿದರು ಕೇಳಿ ಫಾದರ್' ಎಂದು ಆಯಮ್ಮ ನನ್ನ ಮುಂದೆ ಗಂಡನ ತೋಳು ತಿವಿದರು. ಆತ ಹೇಳಲಿಲ್ಲ, ಇಬ್ಬರೂ ನಕ್ಕರು, ನಾನೂ ಮತ್ತೆ ಕೇಳಲಿಲ್ಲ.