ರಾಹುವಿನ ಹಸಿವಿನ ಲೆಕ್ಕ

ಒಲೆಗೆ ಇನ್ನೊಂದು ಕೊರಡು ನೂಕಿ, ಹತ್ತಿರ ಬನ್ನಿ. ಗ್ರಹಣದ ಬಗ್ಗೆ ಕೇಳಿದಿರಲ್ಲ, ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

1980ರ ಫೆಬ್ರವರಿ 16, ಶನಿವಾರ. ಶಿವರಾತ್ರಿಯ ಬೆನ್ನಿಗೇ ಬಂದ ಅಮಾವಾಸ್ಯೆ. ಚಂದ್ರನ ನೆರಳು ಅಂಕೋಲೆಯ ದಡ ಹತ್ತಿ, ಹುಬ್ಬಳ್ಳಿ, ಗದಗ, ರಾಯಚೂರು ದಾಟಿ ಪುರಿಯ ಕಡೆಗೆ ಓಡುವುದಿತ್ತು. ಹುಬ್ಬಳ್ಳಿ ಸಮೀಪದ ಹೊಸೂರಿನಲ್ಲಿ, ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ದೂರದರ್ಶಕ ಹೂಡಿ ಕಾದಿದ್ದರು. ನಮ್ಮ ಮನೆ ಗದಗಿನಲ್ಲಿ. ನನಗಾಗ ಹನ್ನೊಂದು ವರ್ಷ.

ಅಜ್ಜ ಪಂಚಾಂಗ ಬಲ್ಲವರು. ಓಣಿಯವರೆಲ್ಲ ಮುಹೂರ್ತ ಕೇಳಲು ಅವರಲ್ಲಿಗೇ ಬರುತ್ತಿದ್ದರು. ಅಂದು ಅಜ್ಜಿ ಉಪ್ಪಿನಕಾಯಿ ಭರಣಿಯ ಮೇಲೆ, ನೀರಿನ ಕೊಡದ ಮೇಲೆ ದರ್ಭೆ ಇಟ್ಟಿದ್ದಳು. ಕಾಕು, ಅಂದರೆ ನನ್ನ ಚಿಕ್ಕಮ್ಮ, ಏಳು ತಿಂಗಳ ಬಸುರಿ. ಅವಳಿದ್ದ ಕೋಣೆಯ ಕಿಟಕಿಗೆ ಕಂಬಳಿ ಬಿಗಿದಿದ್ದರು. ಅಜ್ಜ ಸ್ಪರ್ಶಕಾಲಕ್ಕೆ ಸ್ನಾನ ಮಾಡಿ ಜಪಕ್ಕೆ ಕೂತರು.

ಹಿಂದಿನ ದಿನ ಶಾಲೆಯಲ್ಲಿ ಮಾಸ್ತರು ರಟ್ಟಿಗೆ ಸೂಜಿಯಿಂದ ತೂತು ಕೊರೆದು, ಸೂರ್ಯನ ಬಿಂಬವನ್ನು ಕಾಗದದ ಮೇಲೆ ಬೀಳಿಸುವುದು ಕಲಿಸಿದ್ದರು. ಜೊತೆಗೆ ಕತೆಗಳನ್ನೂ ಹೇಳಿದ್ದರು: ಯುರೋಪಿನ ಬಡಗಣದವರಿಗೆ ಸೂರ್ಯನನ್ನು ಅಟ್ಟಿಸಿಕೊಂಡು ಹೋಗುವುದು ತೋಳ, ಚೀನಾದವರಿಗೆ ನುಂಗುವುದು ಡ್ರ್ಯಾಗನ್, ನಮಗೆ ರಾಹು. ಆ ಮೂರೂ ನನ್ನ ತಲೆಯಲ್ಲಿ ಕೂತಿದ್ದವು.

ಎಲ್ಲರ ಕಣ್ಣು ತಪ್ಪಿಸಿ ಹಿತ್ತಲಿಗೆ ಹೋದೆ. ರಟ್ಟು ಬೇಕಾಗಲೇ ಇಲ್ಲ. ಬೇವಿನ ಮರದ ಕೆಳಗೆ, ಎಲೆಗಳ ಸಂದಿಯಿಂದ ಬಿದ್ದ ಒಂದೊಂದು ಬೆಳಕಿನ ಚುಕ್ಕೆಯೂ ಒಂದೊಂದು ಕುಡುಗೋಲಾಗಿತ್ತು. ನೂರಾರು ಸಣ್ಣ ಸೂರ್ಯರು ನನ್ನ ಕಾಲ ಮೇಲೆ ನಡುಗುತ್ತಿದ್ದರು. ಬಿಸಿಲಿಗೆ ತವರದ ಬಣ್ಣ ಬಂತು. ಕಾಗೆಗಳು ಗೂಡಿಗೆ ಹೊರಟವು. ಮೂರೂ ನಲವತ್ತು ದಾಟಿತ್ತು. ಒಮ್ಮೆಲೇ ಕತ್ತಲು. ತಲೆಯೆತ್ತಿದರೆ ಸೂರ್ಯನಿದ್ದಲ್ಲಿ ಕರಿಯ ಬಿಲ್ಲೆ, ಅದರ ಸುತ್ತ ಎಲ್ಲ ದಿಕ್ಕಿಗೂ ಚಾಚಿದ ಬಿಳಿಯ ಎಸಳು. ನೆತ್ತಿಯ ಹತ್ತಿರ ಶುಕ್ರ. ಹೆಚ್ಚು ಕಡಿಮೆ ಎರಡೂವರೆ ನಿಮಿಷ ನಾನು ಉಸಿರಾಡಿದ ನೆನಪೇ ಇಲ್ಲ.

ಪಕ್ಕದಲ್ಲಿ ಯಾರೋ ನಿಂತಂತಾಯಿತು. ಅಜ್ಜ! ಉಟ್ಟ ಒದ್ದೆ ಪಂಚೆಯಲ್ಲೇ ಜಪ ಬಿಟ್ಟು ಎದ್ದು ಬಂದಿದ್ದರು. ಒಂದು ಕೈಯಲ್ಲಿ ಪಂಚಾಂಗ, ಇನ್ನೊಂದರಲ್ಲಿ ಗಡಿಯಾರ. ನನ್ನನ್ನು ಬೈಯಲಿಲ್ಲ. ಮೇಲೆ ನೋಡಿದರು, ಗಡಿಯಾರ ನೋಡಿದರು, ಮತ್ತೆ ಮೇಲೆ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು.

ಮೋಕ್ಷವಾದ ಮೇಲೆ ಸ್ನಾನದ ಸರದಿಗೆ ಬಚ್ಚಲೊಲೆಯ ಮುಂದೆ ಎಲ್ಲರೂ ಕೂತೆವು. ಧೈರ್ಯ ಮಾಡಿ ಕೇಳಿದೆ: “ಅಜ್ಜಾ, ಅವರ ತೋಳ ಸುಳ್ಳು, ನಮ್ಮ ರಾಹು ಖರೇ ಅಂತ ಹ್ಯಾಂಗ ಹೇಳೂದು?”

ಅಜ್ಜಿ ಗದರಿದಳು. ಅಜ್ಜ ಕೈ ಎತ್ತಿ ತಡೆದರು. “ಕೇಳಲಿ ಬಿಡು. ತಮ್ಮಾ, ಪುರಾಣದ ರಾಹುಗ ತಲಿ ಅದ, ಬಾಯಿ ಅದ. ಗಣಿತದ ರಾಹುಗ ಎರಡೂ ಇಲ್ಲ. ಚಂದ್ರನ ಹಾದಿ ಸೂರ್ಯನ ಹಾದೀನ ದಾಟೂ ಜಾಗಾಕ್ಕ ರಾಹು ಅಂತಾರ. ಅಮಾವಾಸ್ಯಾ ಅದರ ಹತ್ತಿರ ಬಂದರ ಗ್ರಹಣ. ಪಂಚಾಂಗ ಬರದವರು ಆ ಜಾಗಾದ ಲೆಕ್ಕಾ ಹಾಕ್ಯಾರ, ರಾಕ್ಷಸನ ಹಸಿವಿನ ಲೆಕ್ಕಾ ಹಾಕಿಲ್ಲ.”

ಆಮೇಲೆ 1962ರ ಅಷ್ಟಗ್ರಹ ಕೂಟದ ಸುದ್ದಿ ತೆಗೆದರು. ಲೋಕವೇ ಮುಳುಗುತ್ತದೆಂದು ಜನ ಹೋಮ ಮಾಡಿಸಿದ್ದರು. ತಾವೂ ಹೆದರಿ ಹೋಮಕ್ಕೆ ಕೂತಿದ್ದಾಗಿ ಹೇಳಿದರು. ನಾನು ದೊಡ್ಡವನಾದ ಮೇಲೆ ತಿಳಿದದ್ದು ಇದು: ಆ ಫೆಬ್ರವರಿ 5ರಂದು ದೂರದ ನ್ಯೂಗಿನಿಯಲ್ಲಿ ಸೂರ್ಯ ಪೂರ್ತಿ ಮುಚ್ಚಿದ್ದ. ಅಲ್ಲಿಂದ 18 ವರ್ಷ 11 ದಿನಕ್ಕೆ ಅದೇ ಸರಣಿಯ ಮುಂದಿನ ಗ್ರಹಣ ನಮ್ಮ ಹಿತ್ತಲಿಗೆ ಬಂತು. ಈ ಆವರ್ತವನ್ನು ಬ್ಯಾಬಿಲೋನಿನವರು ಎರಡು ಸಾವಿರ ವರ್ಷಗಳಿಗೂ ಹಿಂದೆ ಗುರುತಿಸಿದ್ದರು. ಅವರ ದೇವರು ಬೇರೆ, ನಮ್ಮ ದೇವರು ಬೇರೆ, ಆವರ್ತ ಒಂದೇ.

ಚಂದ್ರ ಸೂರ್ಯನನ್ನು ಮರೆಮಾಡುತ್ತಾನೆ, ಭೂಮಿಯ ನೆರಳು ಚಂದ್ರನನ್ನು ಮರೆಮಾಡುತ್ತದೆ ಎಂದು ಆರ್ಯಭಟ 499ರಲ್ಲೇ ಹೇಳಿದ್ದ. 628ರಲ್ಲಿ ಬ್ರಹ್ಮಗುಪ್ತ, ರಾಹುವನ್ನು ಅಲ್ಲಗಳೆಯುವುದು ವೇದ ಸ್ಮೃತಿಗಳಿಗೆ ವಿರುದ್ಧವೆಂದು ಆಕ್ಷೇಪಿಸಿದ. ಆದರೆ ಗ್ರಹಣದ ಗಣಿತಕ್ಕೆ ಕೂತಾಗ ಅವನೂ ಅಳೆದದ್ದು ನೆರಳನ್ನೇ. ಕೇರಳದ ಪರಮೇಶ್ವರ ದಶಕಗಳ ಕಾಲ ಗ್ರಹಣಗಳನ್ನು ನೋಡಿ ನೋಡಿ, ಹಳೆಯ ಲೆಕ್ಕವನ್ನು ತಿದ್ದಿ, 1431ರಲ್ಲಿ ದೃಗ್ಗಣಿತ ಎಂಬ ಲೆಕ್ಕದ ಪದ್ಧತಿಯನ್ನು ಕೊಟ್ಟ.

ಆ ರಾತ್ರಿ ಅಜ್ಜ ಮಾಡಿದ್ದೂ ಅದನ್ನೇ. ಪಂಚಾಂಗದ ಮಧ್ಯಕಾಲಕ್ಕೂ ತಾವು ಕಂಡದ್ದಕ್ಕೂ ಏಳು ನಿಮಿಷ ವ್ಯತ್ಯಾಸವಿತ್ತು. ಒಲೆಯ ಬೆಳಕಿನಲ್ಲೇ ಪುಟದ ಅಂಚಿಗೆ ಪೆನ್ಸಿಲಿನಿಂದ ಅದನ್ನು ಬರೆದರು. “ಲೆಕ್ಕಾ ತಪ್ಪಿದರ ತಿದ್ದಬೇಕು,” ಎಂದರು.

ನಮ್ಮ ಕತೆ ತೋಳದ ಕತೆಗಿಂತ ದೊಡ್ಡದೇ ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ. ರಾಹುವಿಗಾಗಲಿ ತೋಳಕ್ಕಾಗಲಿ ಏಳು ನಿಮಿಷ ತಪ್ಪುವುದು ಸಾಧ್ಯವೇ ಇಲ್ಲ, ಏಕೆಂದರೆ ಅವು ಇಂಥ ಹೊತ್ತಿಗೆ ಬರುತ್ತೇವೆಂದು ಹೇಳುವುದಿಲ್ಲ. ತಪ್ಪಲಾರದ ಮಾತನ್ನು ತಿದ್ದಲೂ ಆಗದು. ಆಕಾಶವನ್ನು ವಿವರಿಸುವ ವಿಷಯದಲ್ಲಿ ಅವೆರಡೂ ಒಂದೇ ಪಂಕ್ತಿಯಲ್ಲಿ ಕೂರುತ್ತವೆ.

ಅಜ್ಜ ಪೆನ್ಸಿಲು ಕೆಳಗಿಟ್ಟು ಎದ್ದರು. ಮೋಕ್ಷದ ಸ್ನಾನ ಮಾಡಿದರು, ಅಜ್ಜಿಯ ಸಮಾಧಾನಕ್ಕೆ ಹಳೆಯ ನೀರನ್ನೆಲ್ಲ ಚೆಲ್ಲಿದರು. ಆಮೇಲೆ ತಾವೇ ಹೋಗಿ ಕಾಕುವಿನ ಕಿಟಕಿಯ ಕಂಬಳಿ ಬಿಚ್ಚಿ, “ಹೊರಗ ಬಾರವಾ, ಚಿಕ್ಕಿ ಮೂಡ್ಯಾವ,” ಎಂದು ಕರೆದರು.