ಮಡಿ, ಶುಚಿ ಮತ್ತು ಕಾಯಕ

ಶುಚಿತ್ವವೆಂಬ ಮಾತಿನ ಅರ್ಥವು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ಒಂದು ಕಾಲಕ್ಕೆ ಅದು ಬಹುಮಟ್ಟಿಗೆ ಮಡಿಯೇ ಆಗಿತ್ತು. ಯಾರು ಮುಟ್ಟಿದರು, ಯಾರು ಮುಟ್ಟಲಿಲ್ಲ ಎಂಬುದೇ ಅದರ ಅಳತೆಗೋಲು. 12ನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಅಲ್ಲಗಳೆದು ಆ ಅಳತೆಗೋಲನ್ನೇ ಮುರಿದರು. ಬಟ್ಟೆ ಒಗೆಯುವ ಮಡಿವಾಳ ಮಾಚಿದೇವರೂ ಅಂಗಳ ಗುಡಿಸುವ ಸತ್ಯಕ್ಕನವರೂ ಶರಣಸಂಕುಲದಲ್ಲಿ ಪೂಜ್ಯರಾದರು. ಕೊಳೆ ತೆಗೆಯುವ ಕೈ ಕೊಳೆಯಾದುದಲ್ಲ ಎಂಬುದೇ ಅವರ ಬಾಳಿನ ಬೋಧೆ.

ಈ ಬೋಧೆಯು ಲೋಕದ ನಡೆಯಲ್ಲಿ ಇಳಿಯಲು ಮಾತ್ರ ಶತಮಾನಗಳೇ ಹಿಡಿದವು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಕೆಲವೇ ವರ್ಷಗಳಲ್ಲಿ ಬೆಳಗಾವಿ ಸೀಮೆಗೂ ಹಬ್ಬಿತು. ಜನರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಮಡಿಯುಟ್ಟವರನ್ನೂ ಉಡದವರನ್ನೂ ರೋಗವು ಭೇದವಿಲ್ಲದೆ ಒಯ್ದಾಗ ಗಾಳಿ, ಬೆಳಕು, ಚರಂಡಿ, ಇಲಿಯ ಬಿಲಗಳೂ ಶುಚಿತ್ವದ ವಿಚಾರಗಳಾದವು.

1924ರ ಡಿಸೆಂಬರಿನಲ್ಲಿ ಮಹಾತ್ಮ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದಕ್ಕಾಗಿ ಟಿಳಕವಾಡಿಯಲ್ಲಿ ತೋಡಿದ ಬಾವಿಯು ಇಂದಿಗೂ ಕಾಂಗ್ರೆಸ್ ಬಾವಿ ಎಂದೇ ಪ್ರಸಿದ್ಧ. ಆ ಬಾವಿಗಿಂತಲೂ ಸ್ಮರಣೀಯವಾದ ಸಂಗತಿಯೆಂದರೆ, ಬ್ರಾಹ್ಮಣ ತರುಣರೂ ಸೇರಿದಂತೆ ಸ್ವಯಂಸೇವಕರು ಶಿಬಿರದ ಶೌಚಸ್ಥಾನಗಳನ್ನು ತಾವೇ ಶುದ್ಧಗೊಳಿಸಿದರು. ಮುಂದೆ 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು.

ಮಲಪ್ರಭೆಯು ಉಗಮಿಸುವ ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿಯೂ ಈ ಬದಲಾವಣೆ ಮೆಲ್ಲನೆ ಬಂದಿತು. “ದೇವರ ಜಗಲಿ ಇರೂ ಮನಿಯಾಗ ಸಂಡಾಸ ಅಂದ್ರ ಹ್ಯಾಂಗವ್ವಾ?” ಎಂದು ಹಿರಿಯ ತಾಯಂದಿರು ಕೇಳುತ್ತಿದ್ದ ಕಾಲವೊಂದಿತ್ತು. ಅವರಿಗೆ ಬಯಲಿಗೆ ಹೋಗುವುದೇ ಶುಚಿ. ಕತ್ತಲಾಗುವವರೆಗೆ ದೇಹಬಾಧೆಯನ್ನು ತಡೆದುಕೊಂಡು ಕುಳಿತ ಸೊಸೆಯ ಸಂಕಟವು ಆ ಶುಚಿಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಇಂದು ಮೊಣಕಾಲು ಬಾಗದ ವಯಸ್ಸಿನಲ್ಲಿ ಅಂಥ ತಾಯಂದಿರೇ ಮನೆಯೊಳಗಿನ ಶೌಚಾಲಯವನ್ನು ನೆಚ್ಚಿಕೊಂಡಿದ್ದಾರೆ. ಜಗಲಿಯ ಪಾವಿತ್ರ್ಯಕ್ಕೆ ಕುಂದೇನೂ ಬಂದಿಲ್ಲ.

ಆದರೂ ಒಂದು ಪರೀಕ್ಷೆ ಉಳಿದಿದೆ. ಆ ಶೌಚಾಲಯದ ಗುಂಡಿ ತುಂಬಿದಾಗ ಯಾರನ್ನು ಕರೆಯುತ್ತೇವೆ? ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಯಂತ್ರದೊಡನೆ ಬಂದ ಕೆಲಸಗಾರನು ನೀರು ಕೇಳಿದರೆ ಮನೆಯ ತಂಬಿಗೆಯನ್ನೇ ಕೊಡುತ್ತೇವೆಯೋ, ಹಿತ್ತಿಲ ಮೂಲೆಯ ಬೇರೆ ಲೋಟವನ್ನು ಹುಡುಕುತ್ತೇವೆಯೋ? ಹುಡುಕುವುದಾದರೆ ನೆಲ ಹೊಳೆಯುತ್ತಿದ್ದರೂ ಮನೆ ಶುಚಿಯಾಗಿಲ್ಲ. ಮಾಚಿದೇವರನ್ನು, ಸತ್ಯಕ್ಕನವರನ್ನು ನಿತ್ಯ ನೆನೆಯುವ ಸದ್ಭಕ್ತರು ಮೊದಲು ಆ ಬೇರೆ ಲೋಟವನ್ನು ಮನೆಯಿಂದ ಹೊರಹಾಕಬೇಕು.